ಕೃಷಿ ಹೊಂಡದ ಬಿಳಿ ಪಟ್ಟಿಯೂ ಕಡಲ ತಳದ ಬೂದಿಯೂ

ಪ್ರಶ್ನೆ: ನಾನು ನವಲಗುಂದದ ಕಡೆಯ ಹಳ್ಳಿಯೊಂದರಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಈ ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದಾಗ ಎಂಟು ಅಡಿ ಆಳದಲ್ಲಿ, ಎರೆಮಣ್ಣಿನ ಕೆಳಗೆ, ಗೇಣಗಲದ ಬಿಳಿ ಪಟ್ಟಿಯೊಂದು ಕಾಣಿಸಿತು. ಸಮುದ್ರ ತಳದ ಕೆಸರಿನಲ್ಲಿರುವ ಬೂದಿಯ ಪದರಗಳನ್ನು ಓದಿ ಜ್ವಾಲಾಮುಖಿಗಳ ಚರಿತ್ರೆ ಬರೆಯುತ್ತಾರೆ ಎಂದು ಕೇಳಿದ್ದೇನೆ. ನೀರಿಗೆ ಬಿದ್ದ ಬೂದಿ ಕರಗದೆ, ಚೆದುರದೆ ಪದರವಾಗಿ ಉಳಿಯುವುದು ಹೇಗೆ? ಅದು ಯಾವ ಬೆಟ್ಟದ್ದು, ಯಾವ ಕಾಲದ್ದು ಎಂದು ಹೇಗೆ ಹೇಳುತ್ತಾರೆ? ನಮ್ಮ ಹೊಂಡದ ಪಟ್ಟಿಯೂ ಅಂಥದ್ದೇ ಇರಬಹುದೇ?

ಉತ್ತರ: ಮೊದಲು ಹೊಂಡದ ವಿಷಯ ಮಾತನಾಡೋಣ. ಇಲ್ಲದಿದ್ದರೆ ಉಳಿದದ್ದನ್ನು ಓದುವಾಗಲೂ ನಿಮ್ಮ ಮನಸ್ಸು ಅಲ್ಲೇ ಸುತ್ತುತ್ತಿರುತ್ತದೆ. ಪಟ್ಟಿಯಿಂದ ಒಂದು ಹಿಡಿ ತೆಗೆದು, ಒಣಗಿಸಿ, ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಶಾಲೆಯ ಪ್ರಯೋಗಾಲಯದಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವಿದ್ದರೆ ಇನ್ನೂ ಒಳ್ಳೆಯದು. ಬುಸ್ಸೆಂದು ನೊರೆ ಎದ್ದರೆ ಅದು ಸುಣ್ಣ. ನವಲಗುಂದ, ನರಗುಂದ, ಅಣ್ಣಿಗೇರಿಯ ಎರೆಭೂಮಿಯ ಕೆಳಗೆ ಸುಣ್ಣದ ಹರಳಿನ ಪದರ ಸಿಗುವುದು ಹೊಸತೇನಲ್ಲ. ಮಳೆನೀರು ಮೇಲಿನ ಮಣ್ಣಿನ ಸುಣ್ಣವನ್ನು ಕರಗಿಸಿ ಕೆಳಗಿಳಿಸುತ್ತದೆ, ಬೇಸಿಗೆಯ ಬಿಸಿಲು ನೀರನ್ನು ಹೀರಿ ಸುಣ್ಣವನ್ನು ಅಲ್ಲೇ ಬಿಟ್ಟುಹೋಗುತ್ತದೆ. ಬಹುಮಟ್ಟಿಗೆ ನಿಮ್ಮದೂ ಅದೇ. ನೊರೆ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಆ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ಕಾರಣವಿದೆ.

ಈಗ ಬೂದಿ. ಗೊಂದಲದ ಮೂಲ ಈ ಪದದಲ್ಲೇ ಇದೆ. ಒಲೆಯ ಬೂದಿ ಸುಟ್ಟು ಉಳಿದದ್ದು. ಅದರ ಕ್ಷಾರ ನೀರಿನಲ್ಲಿ ಕರಗುತ್ತದೆ, ಬೂದಿ ನೀರಿನಿಂದ ಬಟ್ಟೆ ಒಗೆಯುತ್ತಿದ್ದುದು ಅದಕ್ಕೇ. ಜ್ವಾಲಾಮುಖಿಯ ಬೂದಿಯಲ್ಲಿ ಸುಟ್ಟದ್ದೇನೂ ಇಲ್ಲ. ಅದು ಬಹುಪಾಲು ಗಾಜು. ನೆಲದಾಳದ ಶಿಲಾರಸದಲ್ಲಿ ನೀರಾವಿ ಮತ್ತು ಅನಿಲಗಳು ಕರಗಿರುತ್ತವೆ. ರಸ ಮೇಲೇರಿ ಒತ್ತಡ ಇಳಿದಾಗ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಆ ಅನಿಲ ಗುಳ್ಳೆಯಾಗಿ ಉಬ್ಬುತ್ತದೆ. ಗುಳ್ಳೆಗಳ ನಡುವಿನ ತೆಳು ಗೋಡೆಗಳು ಒಡೆದು ಚೂರಾಗಿ, ಹರಳುಗಟ್ಟಲು ಪುರುಸೊತ್ತಿಲ್ಲದೆ ಗಾಳಿಯಲ್ಲೇ ತಣ್ಣಗಾಗುತ್ತವೆ. 2 ಮಿಲಿಮೀಟರಿಗಿಂತ ಚಿಕ್ಕ ಚೂರುಗಳಿಗೆಲ್ಲ ಬೂದಿಯೆಂದೇ ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಬಳೆಯ ತುಂಡುಗಳಂತೆ ಬಾಗಿದ, ಮೂರು ಕವಲಿನ, ಚೂಪು ಅಂಚಿನ ಚೂರುಗಳು ಕಾಣುತ್ತವೆ. ಅವು ನೀರಿನಲ್ಲಿ ಕರಗುವುದಿಲ್ಲ. ಲಕ್ಷಾಂತರ ವರ್ಷ ಕಳೆದ ಮೇಲೆ ನಿಧಾನವಾಗಿ ಕೊಳೆತು ಬೆಂಟೊನೈಟ್ ಎಂಬ ಜೇಡಿಯಾಗುತ್ತವೆ. ಮಳೆ ಬಿದ್ದಾಗ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ನಿಮ್ಮ ಎರೆಯ ಜೇಡಿಯೂ ಅದೇ ಕುಲದ್ದು. ಹಾಗೆಂದು ಎರೆಮಣ್ಣು ಜ್ವಾಲಾಮುಖಿಯ ಬೂದಿಯೆಂದು ತರಗತಿಯಲ್ಲಿ ಹೇಳಿಬಿಡಬೇಡಿ. ಅದು ಕಲ್ಲು ಕೊಳೆತು ಹುಟ್ಟಿದ ಮಣ್ಣು.

ಚೆದುರಿಹೋಗುವುದಿಲ್ಲವೇ ಎಂಬ ಪ್ರಶ್ನೆ ತಜ್ಞರನ್ನೂ ಬಹಳ ದಿನ ಕಾಡಿತ್ತು. ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ಗಾತ್ರದ ಗಾಜಿನ ಕಣ ಮೂರೂವರೆ ಕಿಲೋಮೀಟರ್ ಆಳದ ಕಡಲಿನಲ್ಲಿ ಒಂಟಿಯಾಗಿ ಮುಳುಗುತ್ತ ಹೋದರೆ ತಳ ಮುಟ್ಟಲು ಆರೇಳು ತಿಂಗಳು ಬೇಕೆಂದು ಲೆಕ್ಕ ಹೇಳುತ್ತದೆ. ಅಷ್ಟರಲ್ಲಿ ಪ್ರವಾಹ ಅದನ್ನು ಎಲ್ಲಿಗೋ ಒಯ್ದಿರಬೇಕು. ಆದರೆ 1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಕೆಸರು ಹಿಡಿಯುವ ಬುಟ್ಟಿಗಳನ್ನು ಬೇರೊಂದು ಕೆಲಸಕ್ಕಾಗಿ ಇಳಿಬಿಟ್ಟಿದ್ದರು. ಮೂರು ಕಿಲೋಮೀಟರಿಗೂ ಆಳದಲ್ಲಿದ್ದ ಬುಟ್ಟಿಗೆ ಬೂದಿ ಕೆಲವೇ ದಿನಗಳಲ್ಲಿ ಬಂದು ಬಿದ್ದಿತ್ತು. ಮೇಲೆ ರಾಶಿಯಾಗಿ ಬಿದ್ದ ಬೂದಿ ಅಲ್ಲಿನ ನೀರನ್ನೇ ಭಾರವಾಗಿಸಿ, ಆ ನೀರು ಧಾರೆಧಾರೆಯಾಗಿ ಕೆಳಗಿಳಿದಿತ್ತು. ಕಣಗಳು ಒಂಟಿಯಾಗಿ ಮುಳುಗಲಿಲ್ಲ, ಗುಂಪಾಗಿ ಸುರಿದವು. ಹಾಗಾಗಿ ಕಡಲ ತಳದ ಬೂದಿಯ ಪದರ ಸಾಮಾನ್ಯವಾಗಿ ಆಕಾಶದಿಂದ ಬಿದ್ದ ಜಾಗಕ್ಕೆ ನೇರ ಕೆಳಗೇ ಇರುತ್ತದೆ, ಮತ್ತು ಭೂವಿಜ್ಞಾನದ ಗಡಿಯಾರದಲ್ಲಿ ಅದು ಒಂದೇ ಕ್ಷಣದ ಗೆರೆ.

ಆ ಗೆರೆ ಕಡಲಲ್ಲಿ ಏಕೆ ಉಳಿಯುತ್ತದೆ, ನೆಲದಲ್ಲಿ ಏಕೆ ಅಳಿಸುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ನಿಮ್ಮ ಎರೆ ಹೊಲವನ್ನೇ ನೋಡಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರುಕು ಬಿಟ್ಟು, ಮೇಲಿನ ಮಣ್ಣನ್ನು ಒಳಗೆ ನುಂಗಿ, ಮಳೆಗಾಲದಲ್ಲಿ ಉಬ್ಬಿ ಕೆಳಗಿನದನ್ನು ಮೇಲೆತ್ತುತ್ತದೆ. ತನ್ನನ್ನು ತಾನೇ ಉಳುವ ನೆಲದಲ್ಲಿ ತೆಳು ಪದರಕ್ಕೆ ಆಯುಸ್ಸಿಲ್ಲ. ಆಳ ಸಮುದ್ರದಲ್ಲಿ ನೇಗಿಲಿಲ್ಲ, ಹಳ್ಳವಿಲ್ಲ, ಗಾಳಿಯಿಲ್ಲ. ಧೂಳು, ಜೇಡಿ, ಸತ್ತ ಸೂಕ್ಷ್ಮಜೀವಿಗಳ ಚಿಪ್ಪು ಒಂದರ ಮೇಲೊಂದು ಸುಮ್ಮನೆ ಕೂರುತ್ತವೆ. ತೀರದಿಂದ ದೂರದ ಅನೇಕ ಕಡೆ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಹೂಳು. ಅಲ್ಲಿಯೂ ಉಳುವವರಿದ್ದಾರೆ ಎನ್ನಿ: ಹುಳುಗಳು. ಮೇಲಿನ ಹತ್ತು ಸೆಂಟಿಮೀಟರ್‌ನಷ್ಟು ಕೆಸರನ್ನು ಅವು ಸದಾ ಕಲಕುತ್ತಿರುತ್ತವೆ. ಆದ್ದರಿಂದ ಬೂದಿಯ ಪದರದ ಕೆಳ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ, ಮೇಲಂಚು ಮಸುಕಾಗಿ ಮೇಲಿನ ಕೆಸರಿನೊಳಗೆ ಹರಡಿರುತ್ತದೆ. ಸ್ಫೋಟದ ಕಾಲ ಬೇಕಾದವರು ಕೆಳ ಅಂಚನ್ನು ಹಿಡಿಯುತ್ತಾರೆ.

ಈ ಕೆಸರನ್ನು ಮೇಲೆ ತರುವುದು ಹೇಗೆ? ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಕಾಳಿನ ಚೀಲವನ್ನು ಬಿಚ್ಚದೆ, ಟೊಳ್ಳು ಕಬ್ಬಿಣದ ಕೊಳವೆಯೊಂದನ್ನು ಚುಚ್ಚಿ ಒಳಗಿನ ಕಾಳು ಸೆಳೆಯುವುದನ್ನು ನೋಡಿರುತ್ತೀರಿ. ಉಪಾಯ ಅದೇ, ಚೀಲ ಮಾತ್ರ ಮೂರು ನಾಲ್ಕು ಕಿಲೋಮೀಟರ್ ನೀರಿನ ಕೆಳಗಿದೆ. ತೂಕ ಕಟ್ಟಿದ ಕೊಳವೆಯನ್ನು ಬಿಟ್ಟರೆ ಕೆಲವು ಮೀಟರ್ ಕೆಸರು ಬರುತ್ತದೆ. ಒಳಗೆ ಆಡುಬೆಣೆ, ಅಂದರೆ ಪಿಸ್ಟನ್, ಇಟ್ಟ ಕೊಳವೆಯನ್ನು ಸ್ವೀಡನ್ನಿನ ಕುಲೆನ್‌ಬರ್ಗ್ 1940ರ ದಶಕದಲ್ಲಿ ರೂಪಿಸಿದ ಮೇಲೆ ಹತ್ತು, ಇಪ್ಪತ್ತು ಮೀಟರ್ ಉದ್ದದ ಕೆಸರುಕಂಬಗಳು ಕೈಗೆ ಬಂದವು. 1947-48ರಲ್ಲಿ ‘ಆಲ್ಬಟ್ರಾಸ್’ ಎಂಬ ಹಡಗು ಇದೇ ಉಪಕರಣದೊಂದಿಗೆ ಜಗತ್ತು ಸುತ್ತಿತು. ಮೆಡಿಟರೇನಿಯನ್ ತಳದ ಬೂದಿ ಪದರಗಳ ಕಥೆ ಹೊರಬಿದ್ದದ್ದು ಆ ಕಂಬಗಳಿಂದ. ಬೂದಿಯೆಂಬ ಅರ್ಥದ ಟೆಫ್ರಾ ಎಂಬ ಹಳೆಯ ಗ್ರೀಕ್ ಪದಕ್ಕೆ ಹೊಸ ಅರ್ಥ ಕೊಟ್ಟು, ಬೂದಿಯಿಂದ ಕಾಲ ಹೇಳುವ ವಿದ್ಯೆಗೂ ಅದರಿಂದಲೇ ಹೆಸರಿಟ್ಟವರು ಐಸ್‌ಲ್ಯಾಂಡಿನ ಸಿಗುರ್ದುರ್ ಥೋರಾರಿನ್ಸನ್, 1944ರಲ್ಲಿ. ಮೇಲೆ ಬಂದ ಕಂಬವನ್ನು ಉದ್ದಕ್ಕೆ ಸೌತೆಕಾಯಿಯಂತೆ ಸೀಳುತ್ತಾರೆ. ಒಂದು ಹೋಳು ಮುಂದಿನವರಿಗೆಂದು ಶೀತಕೋಣೆಗೆ ಹೋಗುತ್ತದೆ, ಇನ್ನೊಂದರ ಮೇಲೆ ಕೆಲಸ. ಬೆಳ್ಳಗಿನ ಅಥವಾ ಕಪ್ಪು ಪಟ್ಟಿ ಬರಿಗಣ್ಣಿಗೇ ಕಂಡರೆ ಅದೃಷ್ಟ. ಕಾಣದಿದ್ದರೆ ಕೆಸರಿನ ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ, ಜರಡಿ ಹಿಡಿದು, ಭಾರದ ದ್ರವದಲ್ಲಿ ಗಾಜನ್ನು ತೇಲಿಸಿ, ಕಣ ಕಣವಾಗಿ ಎಣಿಸಬೇಕು. ಕಣ್ಣು ಹಾಳುಮಾಡಿಕೊಳ್ಳುವ ಕೆಲಸ, ಆದರೆ ಈ ವಿದ್ಯೆಯ ಅರ್ಧ ಆಸ್ತಿ ಇಂಥ ಕಾಣದ ಪದರಗಳಲ್ಲೇ ಇದೆ.

ಇಲ್ಲಿಂದ ಮುಂದೆ ನನ್ನ ಮುಖ್ಯ ಮಾತು. ಬೂದಿಯ ಪದರ ಸಿಕ್ಕಿತು ಎಂದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ದಪ್ಪ ಎಂದು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳೂ ಅದನ್ನೇ ಕೇಳುತ್ತಿದ್ದರು: ದಪ್ಪ ಪದರವೆಂದರೆ ದೊಡ್ಡ ಸ್ಫೋಟ ಅಲ್ಲವೇ ಸರ್? ಅಲ್ಲ. ಪದರದಲ್ಲಿ ಅತಿ ಕಡಿಮೆ ನಂಬಬೇಕಾದದ್ದೇ ಅದರ ದಪ್ಪ. ಅತಿ ಹೆಚ್ಚು ನಂಬಬೇಕಾದದ್ದು ಒಂದು ಚೂರು ಗಾಜಿನೊಳಗಿನ ರಸಾಯನ. ಇದಕ್ಕೆ ದೂರದ ಉದಾಹರಣೆ ಬೇಡ. ಹುಬ್ಬಳ್ಳಿಯಿಂದ ಅದೇ ಅಕ್ಷಾಂಶದಲ್ಲಿ ನೇರ ಪೂರ್ವಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋದರೆ, ಆಂಧ್ರದ ಹಳೆಯ ಕರ್ನೂಲು ಜಿಲ್ಲೆಯ ಸೀಮೆಯಲ್ಲಿ, ಜುರ್ರೇರು ಎಂಬ ಹೊಳೆಯ ಕಣಿವೆಯಲ್ಲಿ ಜ್ವಾಲಾಪುರಂ ಎಂಬ ಹಳ್ಳಿಯಿದೆ. ಹೆಸರು ಕೇಳಿ ಊರಿನಲ್ಲೇ ಜ್ವಾಲಾಮುಖಿ ಇತ್ತೆಂದು ಕಥೆ ಕಟ್ಟುವವರಿದ್ದಾರೆ. ಹೆಸರಿಗೂ ಬೂದಿಗೂ ಸಂಬಂಧ ಹುಡುಕಲು ಹೋಗಬೇಡಿ. ಅಲ್ಲಿನ ನೆಲದೊಳಗೆ ಎರಡೂವರೆ ಮೀಟರ್ ದಪ್ಪದ ಬಿಳಿ ಬೂದಿಯಿದೆ. ಪಾತ್ರೆ ತಿಕ್ಕುವ ಪುಡಿಯಂಥ ಸರಕುಗಳಿಗಾಗಿ ಅದನ್ನು ಅಗೆದು ಮಾರುತ್ತಿದ್ದರು. ಒಲೆಯ ಬೂದಿಯಿಂದ ಪಾತ್ರೆ ತಿಕ್ಕಿದ ನಮ್ಮ ಮನೆಗಳಿಗೆ ಅದು ಅಪರಿಚಿತ ಬಳಕೆಯೇನಲ್ಲ, ಗಾಜಿನ ಪುಡಿ ಇನ್ನಷ್ಟು ಚೆನ್ನಾಗಿ ತಿಕ್ಕುತ್ತದೆ, ಅಷ್ಟೇ. ಹಾಗೆ ಅಗೆದ ಗುಂಡಿಗಳ ಗೋಡೆಗಳಲ್ಲೇ ಪುರಾತತ್ತ್ವಜ್ಞರಿಗೆ ಪದರಗಳು ತೆರೆದು ಕಂಡವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಉತ್ಖನನ ನಡೆಸಿ, ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕಿದ್ದನ್ನು 2007ರಲ್ಲಿ ಪ್ರಕಟಿಸಿತು.

ಆ ಬೂದಿ ಬಂದದ್ದು ಇಂಡೋನೇಷ್ಯಾದ ಸುಮಾತ್ರ ದ್ವೀಪದ ಟೋಬಾದಿಂದ. ಸುಮಾರು 74 ಸಾವಿರ ವರ್ಷದ ಹಿಂದೆ ಅಲ್ಲಿ ಸಿಡಿದ ಜ್ವಾಲಾಮುಖಿ 2,800 ಘನ ಕಿಲೋಮೀಟರಿನಷ್ಟು ಶಿಲಾರಸವನ್ನು ಹೊರಗೆಸೆಯಿತೆಂದು ಒಂದು ಪ್ರಸಿದ್ಧ ಅಂದಾಜು. ಪಿನಾಟುಬೊ ಎಸೆದದ್ದು ಸುಮಾರು ಐದು. ಟೋಬಾದ ನೆಲ ಕುಸಿದು ಆದ ಗುಂಡಿ ಇಂದು 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲದ ತಗ್ಗು, ಅದರೊಳಗೆ ಸರೋವರ. ಧಾರವಾಡದಲ್ಲಿ ಒಂದು ತುದಿಯಿಟ್ಟರೆ ಇನ್ನೊಂದು ಹಾವೇರಿ ಮುಟ್ಟುತ್ತದೆ. ಬೂದಿ ಕನಿಷ್ಠ 40 ಲಕ್ಷ ಚದರ ಕಿಲೋಮೀಟರ್ ಮೇಲೆ ಬಿತ್ತು, ಅಂದರೆ ಇಪ್ಪತ್ತು ಕರ್ನಾಟಕ.

ಆದರೆ ಜ್ವಾಲಾಪುರದ ಎರಡೂವರೆ ಮೀಟರ್? ಆಕಾಶದಿಂದ ನೇರವಾಗಿ ಬಿದ್ದದ್ದು ಅದರ ತಳದ ಕೆಲವೇ ಸೆಂಟಿಮೀಟರ್. ಉಳಿದದ್ದು ಸುತ್ತಲ ಗುಡ್ಡಗಳ ಮೇಲೆ ಬಿದ್ದು, ಮಳೆಗೆ ಕೊಚ್ಚಿಬಂದು, ತಗ್ಗಿನಲ್ಲಿ ನಿಂತದ್ದು. ಉಣಕಲ್ ಕೆರೆಗೆ ಸುತ್ತಲಿನ ಮಣ್ಣೆಲ್ಲ ಇಳಿದು ಬಂದಂತೆಯೇ. ಕೆರೆಯ ಹೂಳಿನ ದಪ್ಪ ಅಳೆದು ಗುಡ್ಡದ ಮೇಲೂ ಅಷ್ಟೇ ಮಣ್ಣಿತ್ತು ಎಂದರೆ ಎಂಥ ತಪ್ಪೋ, ಇಲ್ಲಿಯೂ ಅಂಥದ್ದೇ. ಕಡಲಿನಲ್ಲೂ ಈ ಮೋಸವಿದೆ. ಇಳಿಜಾರಿನ ಮೇಲೆ ಬಿದ್ದ ಬೂದಿ ಭೂಕಂಪಕ್ಕೆ ಜಾರಿ ಕೆಸರಿನ ಪ್ರವಾಹವಾಗಿ ತಗ್ಗಿಗೆ ಹರಿಯುತ್ತದೆ, ಎಷ್ಟೋ ಸಲ ಸ್ಫೋಟವಾಗಿ ಸಾವಿರಾರು ವರ್ಷಗಳ ನಂತರ. ಹಾಗೆ ಬಂದ ಪದರವನ್ನು ಹೊಸ ಸ್ಫೋಟವೆಂದು ಎಣಿಸಿದರೆ ಚರಿತ್ರೆಯಲ್ಲಿ ಇಲ್ಲದ ಸ್ಫೋಟವೊಂದು ಹುಟ್ಟಿಕೊಳ್ಳುತ್ತದೆ. ನೇರ ಬಿದ್ದ ಬೂದಿಯಲ್ಲಿ ಒಂದೇ ಬಗೆಯ ಗಾಜು ಇರುತ್ತದೆ. ಜಾರಿ ಬಂದದ್ದರಲ್ಲಿ ಬೇರೆ ಬೇರೆ ಕಾಲದ ಗಾಜು, ತೀರದ ಚಿಪ್ಪು, ಮರಳು ಬೆರಕೆಯಾಗಿರುತ್ತದೆ.

ಬೆರಕೆ ಎಂಥ ಅನಾಹುತ ಮಾಡುತ್ತದೆ ಎನ್ನುವುದಕ್ಕೆ ಪುಣೆಯ ಉತ್ತರಕ್ಕೆ ಕುಕಡಿ ನದಿಯ ದಂಡೆಯ ಬೋರಿ ಸಾಕ್ಷಿ. ಅಲ್ಲಿಯೂ ಬೂದಿಯ ಪದರವಿದೆ, ಜೊತೆಗೆ ಹಳೆಯ ಶಿಲಾಯುಗದ ಕೈಗೊಡಲಿಗಳಿವೆ. ಒಂದು ಪ್ರಯೋಗಾಲಯದ ಪೊಟ್ಯಾಸಿಯಂ–ಆರ್ಗಾನ್ ಲೆಕ್ಕ (ಪೊಟ್ಯಾಸಿಯಂ ಕೊಳೆತು ಹುಟ್ಟಿದ ಆರ್ಗಾನ್ ಅಳೆದು ಕಾಲ ಹೇಳುವುದು) ಬೂದಿಗೆ 14 ಲಕ್ಷ ವರ್ಷ ಎಂದಿತು. ಇನ್ನೊಂದು ಅಳತೆ 6 ಲಕ್ಷ 70 ಸಾವಿರ ಎಂದಿತು. ಗಾಜಿನ ರಸಾಯನ ನೋಡಿದವರು ಇದು ಟೋಬಾದ ಇತ್ತೀಚಿನ ಬೂದಿ, 74 ಸಾವಿರ ಎಂದರು. ಒಂದೇ ಪದರಕ್ಕೆ ಮೂರು ಜಾತಕ! ನದಿಯ ದಂಡೆಯಲ್ಲಿ ಸುತ್ತಲೂ 6.6 ಕೋಟಿ ವರ್ಷ ಹಳೆಯ ದಖನ್ನಿನ ಕಪ್ಪುಕಲ್ಲಿದ್ದಾಗ, ಅದರ ನಾಲ್ಕು ಹರಳು ಮಾದರಿಯಲ್ಲಿ ಸೇರಿದರೂ ಲೆಕ್ಕ ಲಕ್ಷಗಟ್ಟಲೆ ಹಿಂದಕ್ಕೆ ಓಡಬಲ್ಲದು. ಕೈಗೊಡಲಿಗಳ ವಯಸ್ಸು ಬೂದಿಯ ವಯಸ್ಸಿನ ಮೇಲೆ ನಿಂತಿದ್ದರಿಂದ ಪುರಾತತ್ತ್ವಜ್ಞರೂ ಭೂವಿಜ್ಞಾನಿಗಳೂ ವರ್ಷಗಟ್ಟಲೆ ಪ್ರಬಂಧಗಳಲ್ಲಿ ಜಗಳವಾಡಿದರು.

ರಸಾಯನ ಏಕೆ ನಂಬಿಕಸ್ಥ? ಒಂದೊಂದು ಜ್ವಾಲಾಮುಖಿಯ ಶಿಲಾರಸದ ಕೊಠಡಿಯೂ ಒಂದೊಂದು ಅಡುಗೆಮನೆ. ಎಷ್ಟು ಸಿಲಿಕಾ, ಎಷ್ಟು ಪೊಟ್ಯಾಸಿಯಂ, ಎಷ್ಟು ಕಬ್ಬಿಣ, ಎಷ್ಟು ಬೇರಿಯಂ ಎಂಬ ಹದ ಅಲ್ಲಲ್ಲಿಗೇ ವಿಶಿಷ್ಟ. ಟೋಬಾದ ಗಾಜಿನಲ್ಲಿ ಸಿಲಿಕಾ ಸುಮಾರು 77 ಶೇಕಡಾ, ಪೊಟ್ಯಾಸಿಯಂ ಆಕ್ಸೈಡ್ 5ರ ಆಸುಪಾಸು. ಅಂಡಮಾನಿನ ಬ್ಯಾರನ್ ದ್ವೀಪದ್ದು ಸಿಲಿಕಾ ಕಡಿಮೆಯ, ಕಬ್ಬಿಣ ಹೆಚ್ಚಿನ ಕಪ್ಪು ಬೂದಿ. ಗಾಜಿನ ಚೂರನ್ನು ರಾಳದಲ್ಲಿ ಕೂರಿಸಿ, ಹೊಳಪು ಕೊಟ್ಟು, ಎಲೆಕ್ಟ್ರಾನ್ ಕಿರಣ ಬಿಟ್ಟು ಒಂದೊಂದೇ ಚೂರಿನ ಸಂಯೋಜನೆ ಅಳೆಯುತ್ತಾರೆ. ಹೊಸಬರು ಎಡವುವುದು ಇಲ್ಲೇ. ಕಿರಣವನ್ನು ಚುರುಕಾಗಿ ಒಂದೇ ಬಿಂದುವಿಗೆ ಹಿಡಿದರೆ ಸೋಡಿಯಂ ಆ ಜಾಗದಿಂದ ಸರಿದು ಓಡಿಹೋಗುತ್ತದೆ, ಅಳತೆ ಸುಳ್ಳಾಗುತ್ತದೆ. ಆದ್ದರಿಂದ ಕಿರಣವನ್ನು ಅಗಲ ಮಾಡಿ, ಸೋಡಿಯಮ್ಮನ್ನು ಮೊದಲು ಅಳೆಯಬೇಕು. ಗಾಜು ಸಾವಿರಾರು ವರ್ಷ ಕಡಲಲ್ಲಿ ಕುಳಿತು ನೀರು ಕುಡಿದಿರುವುದರಿಂದ ಒಟ್ಟು ಮೊತ್ತ ನೂರಕ್ಕೆ ಬರುವುದಿಲ್ಲ. ನೀರು ಬಿಟ್ಟು ಲೆಕ್ಕ ಸರಿಹೊಂದಿಸಬೇಕು. ಎಷ್ಟೋ ತಪ್ಪು ಹೊಂದಾಣಿಕೆಗಳ ಬೇರು ಇಂಥ ಸಣ್ಣ ಅಜಾಗರೂಕತೆಯಲ್ಲಿದೆ.

ಬೆಟ್ಟ ಗುರುತಿಸಿದರೂ ಯಾವ ಸ್ಫೋಟ ಎಂಬ ಪ್ರಶ್ನೆ ಉಳಿಯುತ್ತದೆ. ಟೋಬಾ ಒಂದೇ ಸಲ ಸಿಡಿದದ್ದಲ್ಲ. 74 ಸಾವಿರ ವರ್ಷದ ಹಿಂದಿನದಲ್ಲದೆ ಸುಮಾರು 5 ಲಕ್ಷ, 7 ಲಕ್ಷ 90 ಸಾವಿರ, 12 ಲಕ್ಷ ವರ್ಷಗಳ ಹಿಂದೆಯೂ ದೊಡ್ಡದಾಗಿ ಸಿಡಿದಿದೆ. ಈ ಸ್ಫೋಟಗಳ ಗಾಜು ಒಂದೇ ತಾಯಿಯ ಮಕ್ಕಳಂತೆ, ಮುಖ್ಯ ಧಾತುಗಳಲ್ಲಿ ಬಹಳ ಹೋಲುತ್ತವೆ. ಆಗ ಬೂದಿಯೊಳಗಿನ ಕಪ್ಪು ಕಾಗೆಬಂಗಾರದ, ಅಂದರೆ ಬಯೊಟೈಟ್ ಅಭ್ರಕದ ತೆಳು ಹಾಳೆಗಳಲ್ಲಿ ಕಬ್ಬಿಣ–ಮೆಗ್ನೀಸಿಯಂ ಪ್ರಮಾಣ ನೋಡಬೇಕು. ಗಾಜಿನಲ್ಲಿ ಬೇರಿಯಂ, ಸ್ಟ್ರಾನ್ಶಿಯಂನಂಥ ಲವಲೇಶ ಧಾತುಗಳನ್ನು ನೋಡಬೇಕು. ಬೋರಿಯ ಜಗಳ ಅಷ್ಟು ಉದ್ದವಾದದ್ದಕ್ಕೆ ಈ ಹೋಲಿಕೆಯೂ ಕಾರಣ.

ಮತ್ತು ಇಂಥ ಜಗಳ ಬಂದಾಗ ಕಡಲಿಗೇ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಪದರಗಳು ಸಾಲಾಗಿ ನಿಂತಿರುತ್ತವೆ. ಬಂಗಾಳ ಕೊಲ್ಲಿಯ ದಕ್ಷಿಣಕ್ಕೆ, 90 ಡಿಗ್ರಿ ಪೂರ್ವ ರೇಖಾಂಶದ ಉದ್ದಕ್ಕೂ ಕಡಲೊಳಗೊಂದು ಬೆಟ್ಟಸಾಲಿದೆ. 1988ರಲ್ಲಿ ‘ಜಾಯ್ಡಿಸ್ ರೆಸಲ್ಯೂಶನ್’ ಎಂಬ ಕೊರೆಯುವ ಹಡಗು ಆ ಸಾಲಿನ ಮೇಲೆ ಕೊರೆದ 758ನೇ ತಾಣ ಬೂದಿ ಅಧ್ಯಯನ ಮಾಡುವವರಿಗೆ ಕಾಶಿಯಿದ್ದಂತೆ. ಜಾಗದ ಆಯ್ಕೆ ನೋಡಿ. ಗಂಗೆ, ಬ್ರಹ್ಮಪುತ್ರ ತರುವ ಹೂಳು ಕೊಲ್ಲಿಯ ತಗ್ಗಿನಲ್ಲಿ ರಾಶಿರಾಶಿಯಾಗಿ ಹರಿದು ಎಲ್ಲವನ್ನೂ ಹೂತುಹಾಕುತ್ತದೆ. ಬೆಟ್ಟದ ನೆತ್ತಿಯನ್ನು ಅದು ಮುಟ್ಟುವುದಿಲ್ಲ. ಅಲ್ಲಿ ಬೀಳುವುದು ಮೇಲಿನಿಂದ ಬಂದದ್ದು ಮಾತ್ರ. ಟೋಬಾದ ಇತ್ತೀಚಿನ ಬೂದಿ ಮೇಲ್ಭಾಗದಲ್ಲಿ, ಕೆಳಗೆ ಅದರ ಹಿರಿಯರು, ಇನ್ನೂ ಕೆಳಗೆ ಲಕ್ಷಾಂತರ ವರ್ಷಗಳ, ಇಂಡೋನೇಷ್ಯಾ ಕಡೆಯ ಸುಂದಾ ಸೀಮೆಯ ಸ್ಫೋಟಗಳು. 7 ಲಕ್ಷ 90 ಸಾವಿರ ವರ್ಷದ ಪದರ ಭೂಮಿಯ ಕಾಂತ ಧ್ರುವಗಳು ಕಡೆಯ ಸಲ ಅದಲುಬದಲಾದ ಗುರುತಿಗೆ ತುಸು ಕೆಳಗೇ ಇದೆ. ಆ ಅದಲುಬದಲು ಸುಮಾರು 7 ಲಕ್ಷ 70 ಸಾವಿರ ವರ್ಷ ಹಿಂದಿನದೆಂದು ಬೇರೆ ದಾರಿಯಿಂದ ಗೊತ್ತು. ಎರಡು ಸಾಕ್ಷಿಗಳು ಒಬ್ಬರನ್ನೊಬ್ಬರು ಕೇಳದೆ ಒಂದೇ ಮಾತು ಹೇಳಿದಾಗ ನಂಬಬಹುದು.

ಕಾಲ ಹೇಳುವ ದಾರಿಗಳ ಬಗ್ಗೆ ಇಷ್ಟು ಸಾಕು: 50 ಸಾವಿರ ವರ್ಷದೊಳಗಾದರೆ ಪದರದ ಪಕ್ಕದ ಚಿಪ್ಪುಗಳಲ್ಲಿ ಕಾರ್ಬನ್ 14 ಅಳೆಯುತ್ತಾರೆ. ಅದಕ್ಕಿಂತ ಹಿಂದಕ್ಕೆ ಬೂದಿಯ ಹರಳುಗಳಲ್ಲಿ ಪೊಟ್ಯಾಸಿಯಂ ಕೊಳೆತು ಹುಟ್ಟಿದ ಆರ್ಗಾನ್ ಅಳೆಯುತ್ತಾರೆ. ಜೊತೆಗೆ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪಿನಲ್ಲಿ ಭಾರದ ಆಮ್ಲಜನಕದ ಪ್ರಮಾಣ ಹಿಮಯುಗಗಳೊಡನೆ ಏರಿಳಿಯುವುದರಿಂದ ಇಡೀ ಕಂಬಕ್ಕೇ ಒಂದು ಪಂಚಾಂಗ ಸಿಗುತ್ತದೆ. ಉಳಿದದ್ದು ತಾಳ್ಮೆಯ ಮಾತು.

ನಮ್ಮ ಸಮುದ್ರದ ಇನ್ನೊಂದು ಕೆಲಸ ಹೇಳಲೇಬೇಕು. ಅಂಡಮಾನಿನ ಬ್ಯಾರನ್ ದ್ವೀಪ ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ಮನುಷ್ಯರು ಬರೆದಿಟ್ಟ ಮೊದಲ ಸ್ಫೋಟ 1787ರದು. ನೂರೈವತ್ತಕ್ಕೂ ಹೆಚ್ಚು ವರ್ಷ ಮಲಗಿದ್ದು 1991ರಲ್ಲಿ ಎದ್ದಿತು, ಆಮೇಲೆಯೂ ಆಗಾಗ ಸಿಡಿದಿದೆ. ದ್ವೀಪದ ಮೇಲೆ ಹಳೆಯ ಕಥೆ ಹುಡುಕಿದರೆ ಅದು ತನ್ನ ಪುಟಗಳನ್ನು ತಾನೇ ಸುಟ್ಟುಕೊಂಡಿರುತ್ತದೆ, ಹೊಸ ಲಾವಾ ಹಳೆಯದನ್ನು ಮುಚ್ಚಿರುತ್ತದೆ. ನಮ್ಮ ವಿಜ್ಞಾನಿಗಳು ‘ಸಾಗರ ಕನ್ಯಾ’ ಹಡಗಿನಿಂದ ದ್ವೀಪದ ಆಗ್ನೇಯಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಕೊಳವೆ ಇಳಿಸಿ ಸುಮಾರು ನಾಲ್ಕು ಮೀಟರಿನ ಕಂಬ ತೆಗೆದರು. ಅದರಲ್ಲಿ ಏಳು ಬೂದಿ ಪದರಗಳಿದ್ದವು, ಸುಮಾರು 70 ಸಾವಿರ ವರ್ಷಗಳಷ್ಟು ಹಿಂದಿನವರೆಗೆ. 1787ರಿಂದ ಶುರುವಾಗುತ್ತಿದ್ದ ಚರಿತ್ರೆ ಒಂದೇ ಕೊಳವೆಯಿಂದ ಎಷ್ಟು ಹಿಂದಕ್ಕೆ ಸರಿಯಿತು ಎಂದು ಲೆಕ್ಕ ಹಾಕಿಕೊಳ್ಳಿ.

ಆದರೂ ಏಳು ಪದರವೆಂದರೆ ಏಳೇ ಸ್ಫೋಟ ಎಂದುಕೊಳ್ಳಬೇಡಿ. ಗಾಳಿ ಆ ದಿನ ಬೇರೆ ಕಡೆ ಬೀಸಿದ್ದರೆ ಆ ಕೊಳವೆಗೆ ಒಂದು ಕಣವೂ ಬಿದ್ದಿರುವುದಿಲ್ಲ. ಸುಗ್ಗಿಯಲ್ಲಿ ಜೋಳ ತೂರುವಾಗ ಹೊಟ್ಟು ಒಂದೇ ಮಗ್ಗುಲಿಗೆ ಬೀಳುತ್ತದಲ್ಲ, ಹಾಗೆ. ಬರೀ ಲಾವಾ ಹರಿಸಿ, ಬೂದಿ ಚಿಮ್ಮಿಸದೆ ಶಾಂತವಾದ ಸ್ಫೋಟಗಳು ಕಡಲ ಲೆಕ್ಕದಲ್ಲಿ ಇರುವುದೇ ಇಲ್ಲ. ಸಣ್ಣವು ಹುಳುಗಳ ಹೊಟ್ಟೆ ಸೇರಿ ಅಳಿಸಿಹೋಗುತ್ತವೆ. ಪದರವಿದ್ದರೆ ಸ್ಫೋಟವಾಗಿತ್ತು ಎನ್ನಬಹುದು. ಪದರವಿಲ್ಲದಿದ್ದರೆ ಸ್ಫೋಟವಾಗಲಿಲ್ಲ ಎನ್ನುವಂತಿಲ್ಲ. ಶಾಂತಸಾಗರದ ಸುತ್ತಲಿನ ಬೂದಿ ಪದರಗಳನ್ನು ಒಟ್ಟುಗೂಡಿಸಿದವರು ಸ್ಫೋಟಗಳ ಆವರ್ತನೆಯಲ್ಲಿ 41 ಸಾವಿರ ವರ್ಷದ ಲಯ ಕಂಡಿದೆ ಎಂದು 2013ರಲ್ಲಿ ಬರೆದರು. ಭೂಮಿಯ ಅಕ್ಷದ ಓರೆ ಏರಿಳಿಯುವ ಲಯವೂ ಅಷ್ಟೇ. ಹಿಮ ಕರಗಿ, ಕಡಲ ಭಾರ ಬದಲಾಗಿ, ನೆಲದೊಳಗಿನ ಒತ್ತಡ ಸಡಿಲವಾಗುತ್ತದೆ ಎಂಬುದು ವಿವರಣೆ. ಚೆಲುವಾದ ವಿಚಾರ, ಆದರೆ ಹರಿದ ಪುಟಗಳ ಪುಸ್ತಕದಲ್ಲಿ ಲಯ ಹುಡುಕುವಾಗ ನಾನು ಸ್ವಲ್ಪ ಹಿಂದೆ ಮುಂದೆ ನೋಡುತ್ತೇನೆ. ಟೋಬಾದಿಂದ ಮನುಷ್ಯ ಕುಲವೇ ನಿರ್ನಾಮವಾಗುವ ಹಂತಕ್ಕೆ ಬಂದಿತ್ತು ಎಂಬ ಟಿವಿ ಕಥೆಯ ಬಗ್ಗೆಯೂ ಅಷ್ಟೇ. 7,000 ಕಿಲೋಮೀಟರ್ ದೂರದ ಆಫ್ರಿಕದ ಮಲಾವಿ ಸರೋವರದ ಕೆಸರಿನಲ್ಲೂ ಟೋಬಾದ ಗಾಜು ಸಿಕ್ಕಿದೆ, ಆದರೆ ಅದರ ಸುತ್ತಲಿನ ಕೆಸರು ಭಾರೀ ಚಳಿಯ ಸುಳಿವನ್ನೇನೂ ಕೊಟ್ಟಿಲ್ಲ.

ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಕಡಲಿಗೇ ಹೋಗಬೇಕಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಲಿನ ಬೂದುಗಲ್ಲು, ಭೂವಿಜ್ಞಾನಿಗಳು ಗ್ರೇವ್ಯಾಕೆ ಎನ್ನುವುದು, 250 ಕೋಟಿ ವರ್ಷಕ್ಕೂ ಹಿಂದೆ ಕಡಲ ತಳದಲ್ಲಿ ಕೆಸರಿನ ಪ್ರವಾಹವಾಗಿ ಹರಿದು ಗಟ್ಟಿಯಾದದ್ದು. ಗದಗ ಸೀಮೆಯ ಶಿಲಾಪಟ್ಟಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರವಾಗಿ ತಣ್ಣಗಾದ ಲಾವಾ ಇದೆ. ಆ ಕಾಲದ ಗಾಜು ಎಂದೋ ಅಳಿದು ಬೇರೆ ಖನಿಜಗಳಾಗಿದೆ. ಅಷ್ಟು ಹಳೆಯ ಸ್ಫೋಟಗಳ ಕಾಲ ತಿಳಿಯಬೇಕಾದರೆ ಗಾಜನ್ನು ಬಿಟ್ಟು ಜಿರ್ಕಾನ್ ಎಂಬ ಹಠಮಾರಿ ಹರಳನ್ನು ಹಿಡಿಯಬೇಕು. ಅದು ಬೇರೆಯೇ ವಿದ್ಯೆ.

ಈಗ ನಿಂಬೆಹಣ್ಣು ಹಿಂಡಿದ ಹಿಡಿ ಮಣ್ಣಿಗೆ ಬರೋಣ. ನೊರೆ ಬಾರದಿದ್ದರೆ ಸಂಭ್ರಮಿಸಬೇಡಿ. ಬಿಳಿ ಜೇಡಿಗೂ ನೊರೆ ಬರುವುದಿಲ್ಲ. ಒಂದು ಚಮಚದಷ್ಟನ್ನು ಲೋಟದ ನೀರಿಗೆ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು, ಮೇಲಿನ ಕಲಕು ನೀರನ್ನು ಬಸಿದುಬಿಡಿ. ನೀರು ತಿಳಿಯಾಗುವವರೆಗೆ ಹಾಗೆಯೇ ಮಾಡಿ. ಉಳಿದದ್ದನ್ನು ಹಲ್ಲಿನ ನಡುವೆ ಒಂದು ಕಾಳಿನಷ್ಟು ಕಡಿದರೆ, ಹಳೆಯ ಕಾಲದ ಭೂವಿಜ್ಞಾನಿಗಳು ಮಾಡುತ್ತಿದ್ದಂತೆ, ಜೇಡಿ ಬೆಣ್ಣೆಯಂತೆ ಜಾರುತ್ತದೆ, ಗಾಜು ಕರಕರ ಎನ್ನುತ್ತದೆ. ಮರಳೂ ಕರಕರ ಎನ್ನುತ್ತದೆ. ಆದ್ದರಿಂದ ಒಂದು ಚಿಟಿಕೆಯನ್ನು ಶಾಲೆಯ ಸೂಕ್ಷ್ಮದರ್ಶಕದ ಗಾಜುಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ ನೋಡಿ. ಮರಳಿನ ಕಣಗಳು ಉರುಟಾಗಿ, ಗಟ್ಟಿಯಾಗಿ ಕಾಣುತ್ತವೆ. ಬಣ್ಣವಿಲ್ಲದ, ತೆಳುವಾದ, ಒಡೆದ ಬಳೆಯಂತೆ ಬಾಗಿದ ಚೂರುಗಳು, ಕೆಲವು ಮೂರು ಕವಲೊಡೆದು ನಿಂತವು ಕಂಡರೆ ಮಾತ್ರ ನನಗೆ ಬರೆಯಿರಿ, ಫೋಟೋ ಕಳಿಸಿ. ಆಗ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸುವವರಿಗೆ ಒಂದು ವಾರ ತಡೆಯಲು ಹೇಳಿ, ಒಂದು ಮಗ್ಗುಲಿನ ಗೋಡೆಯನ್ನು ಮೊಳದಗಲ ಹಾಗೇ ಬಿಡಿಸಿ, ಪಟ್ಟಿಯ ಕೆಳ ಅಂಚಿನ ಆಳವನ್ನು ಟೇಪು ಹಿಡಿದು ಅಳೆದಿಡಿ. ಮೇಲಂಚಿನದು ಬೇಡ.